ಪಕ್ಕದಲ್ಲಿದ್ದವರು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರೇ, ಕಚೇರಿಯ ಕೆಲಸ ಬದಿಗಿಟ್ಟು ಬಂದಿರುವ ಮುಖ್ಯ ಅತಿಥಿಗಳೇ, ನಮ್ಮ ಸಮಾಜಕಾರ್ಯ ವಿಭಾಗದ ಮುಖ್ಯಸ್ಥರೂ ಒಂದು ಕಾಲಕ್ಕೆ ನನ್ನದೇ ವಿದ್ಯಾರ್ಥಿಯೂ ಆಗಿದ್ದ ಕೀರ್ತಿರಾಜ್ ಅವರೇ, ಸಹೋದ್ಯೋಗಿಗಳೇ, ಹಳೆಯ ಮತ್ತು ಹೊಸ ವಿದ್ಯಾರ್ಥಿಗಳೇ, ಮುಂದಿನ ಸಾಲಿನ ಕುರ್ಚಿಯ ಮೇಲೆ ಕಾಲು ಮಡಿಸಿಕೊಂಡು ಕುಳಿತಿರುವ ನಮ್ಮವ್ವ ದೊಡ್ಡಮ್ಮನವರೇ, ಹಿಂದಿನ ಬಾಗಿಲಿನಿಂದ ಪಲಾವಿನ ವಾಸನೆ ಬರಲು ಶುರುವಾದ ಮೇಲೂ ಎದ್ದು ಹೋಗದೆ ಉಳಿದಿರುವ ಸಭಿಕರೇ,

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಅನುಮಾನದ ಮನುಷ್ಯ. ಮೂವತ್ತೊಂದು ವರ್ಷ ಈ ಕಾಲೇಜಿನಲ್ಲಿ ಸಂಶೋಧನಾ ವಿಧಾನ ಎಂಬ ಪತ್ರಿಕೆಯನ್ನು ಪಾಠ ಮಾಡಿದ್ದೇನೆ. ಹೇಳಿದ್ದನ್ನೆಲ್ಲ ನಂಬುವವರಿಗೆ ಆ ಪತ್ರಿಕೆಯನ್ನು ಪಾಠ ಮಾಡುವುದಕ್ಕೆ ಆಗುವುದಿಲ್ಲ. ಈಗ ನೀವು ಹೊದಿಸಿದ ಶಾಲನ್ನೇ ತೆಗೆದುಕೊಳ್ಳಿ. ಇದರ ಅಂಚನ್ನು ನಾನು ಹಿಂದೆ ಎಲ್ಲೋ ನೋಡಿದ್ದೇನೆ ಅನ್ನಿಸುತ್ತಿದೆ. ಹೋದ ವರ್ಷ ನಮ್ಮ ಗ್ರಂಥಪಾಲಕರ ಬೀಳ್ಕೊಡುಗೆಯಲ್ಲಿ ನೋಡಿದೆನೇ ಎಂದು ಯೋಚಿಸುತ್ತಿದ್ದೇನೆ. ನಗಬೇಡಿ, ವಿಚಾರಿಸುತ್ತೇನೆ.

ಈಗ ತಾನೇ ಈ ಮೈಕಿನಲ್ಲಿ ಒಂದು ಸಮೀಕ್ಷೆಯ ಫಲಿತಾಂಶವನ್ನು ಓದಿದರು. ನಟರಾಜು ಮೇಷ್ಟರ ಪಾಠದ ಬಗ್ಗೆ ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಈಗಿನ ಎರಡನೇ ವರ್ಷದ ಮಕ್ಕಳು ಊರೂರು ತಿರುಗಿ, ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ಫಾರಂ ತುಂಬಿಸಿಕೊಂಡು ಬಂದಿದ್ದಾರೆ. ನೂರಕ್ಕೆ ನೂರು ಮಂದಿ ‘ತುಂಬಾ ತೃಪ್ತಿಯಿದೆ’ ಎಂದರಂತೆ. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ, ಅದನ್ನು ನೀವು ವಿನಯ ಎಂದುಕೊಂಡಿರಿ. ಅದು ವಿನಯವಲ್ಲ. ನೂರಕ್ಕೆ ನೂರು ಎಂದರೆ ನನಗೆ ಮೈಯೆಲ್ಲ ತುರಿಕೆ ಬರುತ್ತದೆ. ದೇವಸ್ಥಾನದ ಪ್ರಸಾದ ಚೆನ್ನಾಗಿತ್ತೇ ಎಂದು ಕೇಳಿದರೂ ನೂರಕ್ಕೆ ಇಬ್ಬರು ಉಪ್ಪು ಕಡಿಮೆ ಅನ್ನುತ್ತಾರೆ. ಮೂವತ್ತೊಂದು ವರ್ಷ ಎಷ್ಟು ಮಕ್ಕಳನ್ನು ಬೈದಿದ್ದೇನೆ, ಎಷ್ಟು ಜನರನ್ನು ಫೇಲು ಮಾಡಿದ್ದೇನೆ, ಅವರೆಲ್ಲ ಎಲ್ಲಿ ಹೋದರು?

ಆದ್ದರಿಂದ ನಾನು ಎಣಿಸಿದೆ. ಮಕ್ಕಳಿಗೆ ಕೊಟ್ಟ ಫಾರಮ್ಮುಗಳು ನೂರ ಹನ್ನೆರಡು ಎಂದು ವಿಭಾಗದ ಪುಸ್ತಕದಲ್ಲಿದೆ. ವಾಪಸು ಬಂದದ್ದು ನೂರ ಹನ್ನೆರಡು ಎಂದೂ ಅದರಲ್ಲೇ ಇದೆ. ಇವರು ವರದಿಯಲ್ಲಿ ಲೆಕ್ಕ ಹಾಕಿದ್ದು ನೂರ ಹನ್ನೊಂದು. ಒಂದು ಫಾರಂ ಎಲ್ಲಿ ಹೋಯಿತು? ಕೀರ್ತಿರಾಜ್, ಗಡಿಯಾರ ನೋಡಿಕೊಳ್ಳಬೇಡಿ. ಆ ಒಂದು ಫಾರಮ್ಮಿನ ವಿಷಯಕ್ಕೆ ನಾನು ಬಂದೇ ಬರುತ್ತೇನೆ. ಅದಕ್ಕೆ ಮೊದಲು ಎರಡು ಹಳೆಯ ಮಾತು ಹೇಳಬೇಕು.

ನನ್ನ ಪಾಠದಲ್ಲಿ ಕುಳಿತವರಿಗೆ ನೆನಪಿರಬಹುದು, ಸುಳ್ಳು ಫಾರಂ ಹಿಡಿಯುವುದರಲ್ಲಿ ನನ್ನದು ಎತ್ತಿದ ಕೈ ಎಂಬ ಹೆಸರಿತ್ತು. ಹಳ್ಳಿಗೆ ಹೋಗದೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕೂತು ಮೂವತ್ತು ಮನೆಯ ಉತ್ತರವನ್ನು ತಾವೇ ಬರೆದುಕೊಂಡು ಬರುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಇವತ್ತು ಈ ಸಭೆಯಲ್ಲೂ ಕೆಲವರಿದ್ದೀರಿ, ಹೆಸರು ಹೇಳುವುದಿಲ್ಲ. ಮೊದಲು ನಾನು ವಯಸ್ಸು ನೋಡುತ್ತಿದ್ದೆ. ನಮ್ಮ ಕಡೆ ಹೆಂಗಸರನ್ನು ವಯಸ್ಸು ಕೇಳಿದರೆ ಮೂವತ್ತೈದು, ನಲವತ್ತು, ಐವತ್ತು ಎಂದು ಐದು ಹತ್ತರ ಲೆಕ್ಕದಲ್ಲೇ ಹೇಳುತ್ತಾರೆ. ಸುಳ್ಳು ಬರೆಯುವವನು ನಿಜದ ಹಾಗೆ ಕಾಣಲಿ ಎಂದು ಮೂವತ್ತೇಳು, ನಲವತ್ಮೂರು ಎಂದು ಬರೆಯುತ್ತಾನೆ, ಅಲ್ಲಿ ಸಿಕ್ಕಿಬೀಳುತ್ತಾನೆ. ಆಮೇಲೆ ಹಾಳೆಯ ಮಡಿಕೆ ನೋಡುತ್ತಿದ್ದೆ, ಊರು ಸುತ್ತಿ ಬಂದ ಹಾಳೆ ಗರಿಗರಿಯಾಗಿ ಉಳಿಯುವುದಿಲ್ಲ. ಆಮೇಲೆ ಕೊನೆಯ ಕಾಲಂ ನೋಡುತ್ತಿದ್ದೆ. ಆ ಕಾಲಂ ಬೇರೆ ಯಾವ ಕಾಲೇಜಿನ ಫಾರಮ್ಮಿನಲ್ಲೂ ಇಲ್ಲ, ನಾನೇ ಸೇರಿಸಿದ್ದು. ‘ಉತ್ತರ ಕೊಡುವಾಗ ಪಕ್ಕದಲ್ಲಿದ್ದವರು.’

ಆ ಕಾಲಂ ಏಕೆ ಬಂತು ಎಂದು ಎಷ್ಟೋ ಮಂದಿ ಕೇಳಿದ್ದಾರೆ, ನಾನು ಪುಸ್ತಕದ ಉತ್ತರ ಹೇಳಿ ತಪ್ಪಿಸಿಕೊಂಡಿದ್ದೇನೆ. ಇವತ್ತು ಹೇಳುತ್ತೇನೆ. ನಾನು ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯು. ಓದುತ್ತಿದ್ದಾಗ ನಮ್ಮ ತರಗತಿಯ ಗ್ರಾಮೀಣ ಶಿಬಿರ ನನ್ನ ಊರಿಗೇ ಬಿತ್ತು. ಕೊರವಂಗಲದಿಂದ ಆಚೆ, ಬಸ್ಸು ಇಳಿದು ನಡೆಯುವಷ್ಟು ದೂರ. ಕುಡಿಯುವ ನೀರಿನ ಸಮೀಕ್ಷೆ. ಅದು ನನ್ನ ಊರು ಎಂದು ಜೊತೆಯವರಿಗೆ ಹೇಳಿದ್ದೆ. ಊರಿನಲ್ಲಿ ನನ್ನ ಮನೆ ಯಾವ ಕಡೆ ಎಂದು ಹೇಳಿರಲಿಲ್ಲ. ಊರಿನ ದೊಡ್ಡ ಜಮೀನ್ದಾರರು ರಾಮಣ್ಣನವರು. ಅವರ ಜಗಲಿಯ ಮೇಲೆ ನಮಗೆ ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ನಾನೂ ಆ ಜಗಲಿಯ ಮೇಲೆ ಕುಳಿತೆ. ಹುಟ್ಟಿದ ಮೇಲೆ ಅದೇ ಮೊದಲ ಸಲ. ನಮ್ಮ ಕೇರಿಯವರನ್ನು ಒಬ್ಬೊಬ್ಬರಾಗಿ ಅಂಗಳಕ್ಕೆ ಕರೆಸಿ ಪ್ರಶ್ನೆ ಕೇಳಿದರು. ನಮ್ಮವ್ವನ ಸರದಿ ಬಂತು.

ನನ್ನ ಸಹಪಾಠಿ ಕೇಳಿದ, ಊರಬಾವಿಯಲ್ಲಿ ನೀವೇ ನೀರು ಸೇದಿಕೊಳ್ಳುತ್ತೀರಾ ಎಂದು. ಅವ್ವ ರಾಮಣ್ಣನವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

‘ಊಂ ಸಾ, ನಾವೇ ಸೇದ್ಕತೀವಿ. ನಮ್ಗೇನೂ ತೊಂದ್ರೆ ಇಲ್ಲ ಸಾ’ ಅಂದಳು.

ಆ ದಿನ ಬೆಳಿಗ್ಗೆ ಅವಳು ಬಿಂದಿಗೆ ಕೆಳಗಿಟ್ಟು, ಯಾರಾದರೂ ಸೇದಿ ಹೊಯ್ಯಲಿ ಎಂದು ಬಾವಿಯಿಂದ ದೂರದಲ್ಲಿ ಒಂದು ಗಂಟೆ ನಿಂತಿದ್ದನ್ನು ನಾನು ಕಂಡಿದ್ದೆ. ರಾಮಣ್ಣನವರು ಕೆಟ್ಟವರಲ್ಲ, ಒಂದು ಮಾತನ್ನೂ ಆಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತಿದ್ದರು, ಅಷ್ಟೆ. ನಾನೂ ಸುಮ್ಮನೆ ಕುಳಿತಿದ್ದೆ, ಅಷ್ಟೆ. ಅವ್ವ ಅಂಗಳದಿಂದ ಹೋಗುವಾಗ ನನಗೂ ಸೇರಿಸಿ ‘ಬತ್ತೀನಿ ಸಾ’ ಎಂದು ಹೋದಳು. ವರದಿಯಲ್ಲಿ ನಮ್ಮ ಕೇರಿಗೆ ನೀರಿನ ತೊಂದರೆ ಇಲ್ಲ ಎಂದು ಬರೆದರು, ಬೋರಿಂಗ್ ಊರ ನಡುವಿಗೆ ಬಂತು. ಅವ್ವ ಮತ್ತೆ ಆರು ವರ್ಷ ಬಿಂದಿಗೆ ಹಿಡಿದು ಕಾದಳು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಆ ಕಾಲಂ ಸೇರಿಸಿದೆ. ಪಕ್ಕದಲ್ಲಿದ್ದವರು ಯಾರು ಎಂದು ಗೊತ್ತಿಲ್ಲದೆ ಯಾವ ಉತ್ತರವನ್ನೂ ನಂಬಬೇಡಿ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದೆ. ನೀವೂ ಬರೆದುಕೊಂಡಿರಿ, ಪರೀಕ್ಷೆಯಲ್ಲಿ ಅದಕ್ಕೆ ಐದು ಅಂಕ ಇತ್ತು.

ಇನ್ನು ಎರಡನೆಯ ಮಾತು. ಹನ್ನೊಂದು ವರ್ಷದ ಹಿಂದೆ ನಮ್ಮಲ್ಲಿ ಭಾನುಪ್ರಿಯಾ ಎಂಬ ವಿದ್ಯಾರ್ಥಿನಿ ಇದ್ದಳು. ಹೆಸರು ಹೇಳುವುದಕ್ಕೆ ಆಕೆಯ ಒಪ್ಪಿಗೆ ಪಡೆದಿದ್ದೇನೆ. ಆಕೆ ಪ್ರಬಂಧಕ್ಕೆ ಆರಿಸಿಕೊಂಡ ಊರು ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿನಿಂದ ಆಚೆ. ಊರಿನ ಹೆಸರು ಹೇಳುವುದಿಲ್ಲ, ಸಂಶೋಧನೆಯಲ್ಲಿ ಊರಿನ ಹೆಸರು ಹೇಳಬಾರದು. ವಿಷಯ ಹಾಲಿನ ಡೈರಿ. ಕಾಲೋನಿಯ ಹೆಂಗಸರು ಡೈರಿಗೆ ಹಾಲು ತಂದರೆ ಎಲ್ಲರ ಸಾಲಿನಲ್ಲೇ ನಿಲ್ಲಿಸುತ್ತಾರೋ, ಎಲ್ಲರ ಹಾಲಿನ ಜೊತೆಗೇ ಸುರಿಸಿಕೊಳ್ಳುತ್ತಾರೋ ಎಂಬುದು ಅವಳ ಪ್ರಶ್ನೆ. ನಲವತ್ತು ಹೆಂಗಸರ ನಲವತ್ತು ಫಾರಂ ತಂದು ನನ್ನ ಮೇಜಿನ ಮೇಲಿಟ್ಟಳು. ನಲವತ್ತರಲ್ಲೂ ಒಂದೇ ಉತ್ತರ. ಊರವರೆಲ್ಲ ಹಾಕಿ ಹೋಗುವ ತನಕ ಕಾಯಿಸುತ್ತಾರೆ, ನಮ್ಮ ಹಾಲಿಗೆ ಬೇರೆ ಕ್ಯಾನ್ ಇದೆ.

ನಲವತ್ತಕ್ಕೆ ನಲವತ್ತು! ನನಗೆ ತುರಿಕೆ ಶುರುವಾಯಿತು. ವಯಸ್ಸು ನೋಡಿದೆ, ಎಲ್ಲ ಮೂವತ್ತೈದು, ನಲವತ್ತು, ಐವತ್ತು. ಸರಿಯಾಗಿಯೇ ಇತ್ತು. ಸಮಾಧಾನವಾಗಬೇಕಿತ್ತು ತಾನೇ? ಆಗಲಿಲ್ಲ. ನನ್ನ ಪರೀಕ್ಷೆ ಇವಳಿಗೆ ಗೊತ್ತಿದೆ, ಅದಕ್ಕೇ ಹೀಗೆ ಬರೆದಿದ್ದಾಳೆ ಅಂದುಕೊಂಡೆ. ಕೊನೆಯ ಕಾಲಂ ನೋಡಿದೆ. ಪಕ್ಕದಲ್ಲಿದ್ದವರು: ಯಾರೂ ಇಲ್ಲ. ಅದೂ ನಲವತ್ತರಲ್ಲೂ. ನಮ್ಮ ಹಳ್ಳಿಗಳಲ್ಲಿ ಒಂದು ಹೆಂಗಸು ಒಬ್ಬಳೇ ಸಿಗುವುದು ಎಲ್ಲಾದರೂ ಉಂಟೇ? ಅತ್ತೆ ಇರುತ್ತಾಳೆ, ಮಗು ಇರುತ್ತದೆ, ಪಕ್ಕದ ಮನೆಯವಳು ಅಕ್ಕಿ ಆರಿಸುತ್ತಾ ಬಂದು ಕೂರುತ್ತಾಳೆ. ಹಾಳೆ ತಿರುಗಿಸಿದೆ. ಹಾಳೆಯ ಹಿಂದೆ ಹಸಿರು ಕಲೆ. ಹುಲ್ಲಿನ ಕಲೆ. ನಮ್ಮ ಕಾಲೇಜಿನ ಹಿಂದೆ ಹುಲ್ಲುಹಾಸು ಇದೆಯಲ್ಲ, ಹುಡುಗರು ಹೋಂವರ್ಕ್ ನಕಲು ಮಾಡುವ ಜಾಗ, ಅಲ್ಲಿ ಕೂತು ಬರೆದಿದ್ದಾಳೆ ಎಂದು ತೀರ್ಮಾನಿಸಿದೆ. ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಆ ಕಲೆಯನ್ನು ತೋರಿಸಿದೆ.

ಇನ್ನೊಂದು ವಿಷಯವನ್ನು ಹೇಳದಿದ್ದರೆ ಈ ಭಾಷಣವೂ ಸುಳ್ಳು ಫಾರಂ ಆಗುತ್ತದೆ. ಭಾನುಪ್ರಿಯಾ ನಮ್ಮವರ ಹುಡುಗಿ. ನಟರಾಜು ತನ್ನವರನ್ನು ದಾಟಿಸುತ್ತಾನೆ ಎಂದು ಯಾರೂ ಅನ್ನಬಾರದು ಎಂಬ ಭಯ ನನಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಇತ್ತು. ಹಾಗೆಂದು ಯಾರೂ ಅಂದಿರಲಿಲ್ಲ. ಅಂದಾರು ಎಂಬ ಅನುಮಾನ ನನಗಿತ್ತು. ಬೇರೆ ಹುಡುಗರ ಹತ್ತು ಫಾರಂ ನೋಡಿ ಸಹಿ ಹಾಕುತ್ತಿದ್ದವನು ಇವಳ ನಲವತ್ತನ್ನೂ ಬೆಳಕಿಗೆ ಹಿಡಿದು ನೋಡಿದೆ.

ಮರುಪರಿಶೀಲನೆ ಮಾಡಬೇಕು ಎಂದು ಒಂದು ಶನಿವಾರ ನಾನೇ ಆ ಊರಿಗೆ ಹೋದೆ. ಕೊಣನೂರಿನಲ್ಲಿ ಬಸ್ಸು ಇಳಿದೆ. ಮುಂದಿನ ಬಸ್ಸಿಗೆ ಎರಡು ಗಂಟೆ ಕಾಯಬೇಕಿತ್ತು. ಟೀ ಅಂಗಡಿಯಲ್ಲಿ ಒಬ್ಬರು ಪರಿಚಯವಾದರು, ಅದೇ ಊರಿನವರು, ಸಾರ್ ನಾನು ಬಿಡ್ತೀನಿ ಬನ್ನಿ ಎಂದು ಬೈಕು ಹತ್ತಿಸಿಕೊಂಡರು. ನಿಯಮದ ಪ್ರಕಾರ ಹೆಸರು ಬದಲಿಸುತ್ತೇನೆ, ಅವರನ್ನು ಪುಟ್ಟರಾಜು ಎಂದು ಕರೆಯೋಣ. ತುಂಬಾ ಮರ್ಯಾದಸ್ಥರು. ಕಾಲೋನಿಯ ಮನೆಮನೆಯನ್ನೂ ತೋರಿಸಿದರು, ನಾನು ಮಾತಾಡುವಾಗ ಬೈಕು ನಿಲ್ಲಿಸಿಕೊಂಡು ಕಾದರು. ಒಂಬತ್ತು ಮನೆಯಲ್ಲಿ ಕೇಳಿದೆ. ಭಾನುಪ್ರಿಯಾ ಎಂಬ ಹುಡುಗಿ ಬಂದಿದ್ದಳೇ, ಡೈರಿಯ ಬಗ್ಗೆ ಏನಾದರೂ ಕೇಳಿದಳೇ?

ಒಂಬತ್ತು ಮನೆಯಲ್ಲೂ ಅದನ್ನೇ ಹೇಳಿದರು. ‘ಯಾರೂ ಬಂದಿಲ್ಲ ಸಾ. ಯಾರೂ ಏನೂ ಕೇಳಿಲ್ಲ. ನಮ್ಗೇನೂ ತೊಂದ್ರೆ ಇಲ್ಲ ಸಾ.’

ವಾಪಸು ಬರುವಾಗ ಪುಟ್ಟರಾಜು ತಾವು ಆ ಡೈರಿಯ ಕಾರ್ಯದರ್ಶಿ ಎಂದು ಹೇಳಿದರು. ನಾನು ಹೌದೇ, ಸಂತೋಷ ಎಂದೆ. ಸಭಿಕರೇ, ಕೇಳಿಸಿಕೊಳ್ಳಿ, ಸಂತೋಷ ಎಂದೆ. ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸುವ ಮನುಷ್ಯ ಬೈಕು ಹತ್ತಿಸಿಕೊಂಡವನನ್ನು ಅನುಮಾನಿಸಲಿಲ್ಲ. ನಾನು ಪರೀಕ್ಷೆ ಮಾಡಲು ಹೋಗಿದ್ದದ್ದು ಹುಡುಗಿಯನ್ನು, ಡೈರಿಯನ್ನಲ್ಲ.

ಸೋಮವಾರ ಮೌಖಿಕ ಪರೀಕ್ಷೆ. ಹೊರಗಿನ ಪರೀಕ್ಷಕರು, ಸಹೋದ್ಯೋಗಿಗಳು, ಅವಳ ತರಗತಿಯ ಇಪ್ಪತ್ತಾರು ಮಂದಿ, ಎಲ್ಲರ ಮುಂದೆ ಆ ಹಾಳೆಗಳನ್ನು ಎತ್ತಿ ಹಿಡಿದು, ಇದು ಹುಲ್ಲುಹಾಸಿನ ಮೇಲೆ ಹುಟ್ಟಿದ ಸಂಶೋಧನೆ ಎಂದೆ. ನಕ್ಕರು. ಕೀರ್ತಿರಾಜ್, ನೀವೂ ಆ ತರಗತಿಯಲ್ಲೇ ಇದ್ದಿರಿ, ನೀವೂ ನಕ್ಕಿರಿ. ಅವಳು ಅಳಲಿಲ್ಲ. ಹನ್ನೆರಡು ದಿನ ಅವರ ಜೊತೆ ನಾಲೆ ಏರಿಯ ಮೇಲೆ ಹುಲ್ಲು ಕುಯ್ದಿದ್ದೇನೆ ಸಾರ್, ಒಬ್ಬೊಬ್ಬರೇ ಸಿಗುವುದು ಅಲ್ಲೇ, ಅಲ್ಲಿ ಮಾತ್ರ ಅವರು ಮಾತಾಡುತ್ತಾರೆ, ಅಲ್ಲೇ ಬರೆದುಕೊಂಡೆ ಎಂದಳು. ಎಡಗೈ ಬೆರಳಿನ ಮೇಲೆ ಕುಡುಗೋಲಿನ ಗಾಯ ತೋರಿಸಿದಳು. ಕುಡುಗೋಲಿನ ಗಾಯ ಎಲ್ಲಿ ಬೇಕಾದರೂ ಆಗುತ್ತದಮ್ಮ, ಅದು ದತ್ತಾಂಶವಲ್ಲ ಎಂದೆ. ಪ್ರಬಂಧದ ಮೇಲೆ ಕೆಂಪು ಶಾಯಿಯಲ್ಲಿ ‘ನಕಲಿ’ ಎಂದು ಬರೆದು ಸಹಿ ಹಾಕಿದೆ. ಅವಳು ಮತ್ತೆ ಪ್ರಬಂಧ ಸಲ್ಲಿಸಲಿಲ್ಲ, ಪದವಿ ಬರಲಿಲ್ಲ.

ನನಗೆ ಇದು ತಪ್ಪು ಎಂದು ಗೊತ್ತಾದದ್ದು ಯಾವಾಗ? ಹನ್ನೊಂದು ವರ್ಷ ಆದ ಮೇಲೆ, ನಿವೃತ್ತಿಯ ಹೊತ್ತಿಗೆ ಜ್ಞಾನೋದಯವಾಯಿತು ಎಂದು ಹೇಳಿದರೆ ನಿಮಗೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಆರು ದಿನಕ್ಕೇ ಗೊತ್ತಾಯಿತು. ಭಾನುವಾರ ಊಟಕ್ಕೆ ಕೂತಾಗ ಅವ್ವನಿಗೆ ಈ ಕಥೆಯನ್ನು ಜಂಬದಿಂದ ಹೇಳಿದೆ. ಅವ್ವ ಮುದ್ದೆ ಇಡುತ್ತಿದ್ದವಳು ಕೈ ನಿಲ್ಲಿಸಿದಳು.

‘ನೀನು ಅಲ್ಲಿಗೆ ಯಾರ್ ಜೊತೇಲಿ ಓಗಿದ್ದೆ?’

ಡೈರಿ ಕಾರ್ಯದರ್ಶಿಯ ಜೊತೆ ಎಂದೆ.

‘ಅಂಗಾದ್ರೆ ನಾನಾಗಿದ್ರೂವೆ ಯಾರೂ ಬಂದಿಲ್ಲ ಅಂತ್ಲೇ ಅಂತಿದ್ದೆ ಕಣ್ಲಾ’ ಅಂದಳು.

ಅಕ್ಷರ ಕಲಿಯದ ನಮ್ಮವ್ವ ನನ್ನ ಕೊನೆಯ ಕಾಲಂ ಅನ್ನು ನನಗೇ ತುಂಬಿ ಕೊಟ್ಟಳು. ಮರುದಿನವೇ ಆ ಕೆಂಪು ಶಾಯಿಯನ್ನು ಹೊಡೆದುಹಾಕಬಹುದಿತ್ತು. ಫಲಿತಾಂಶ ಇನ್ನೂ ವಿಶ್ವವಿದ್ಯಾನಿಲಯಕ್ಕೆ ಹೋಗಿರಲಿಲ್ಲ. ನಾನು ಹೊಡೆದುಹಾಕಲಿಲ್ಲ. ಸಂಶೋಧನಾ ವಿಧಾನದ ಮೇಷ್ಟರೇ ತಪ್ಪಿದರು ಎಂದು ನಗುತ್ತಾರೆ ಎಂಬ ನಾಚಿಕೆ. ಅಷ್ಟೇ ಕಾರಣ, ಇನ್ನೇನೂ ಇಲ್ಲ. ಆ ನಲವತ್ತು ಹೆಂಗಸರ ಮಾತು ಒಂದು ಬೀರುವಿನಲ್ಲಿ ಬಿತ್ತು. ಆ ಡೈರಿಯಲ್ಲಿ ಈಗ ಎಷ್ಟು ಕ್ಯಾನ್ ಇದೆಯೋ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ.

ಈಗ ನೂರ ಹನ್ನೆರಡನೆಯ ಫಾರಮ್ಮಿಗೆ ಬರೋಣ. ಹೋದ ವಾರ ಕೀರ್ತಿರಾಜ್ ಅವರ ಮೇಜಿನ ಖಾನೆಯಲ್ಲಿ ಅದು ಸಿಕ್ಕಿತು. ಕೀರ್ತಿರಾಜ್, ನಿಮ್ಮ ಖಾನೆಯನ್ನು ನಾನು ಹುಡುಕಿದೆ, ಕ್ಷಮಿಸಿ. ‘ಅಪೂರ್ಣ’ ಎಂದು ಬರೆದು ತೆಗೆದಿಟ್ಟಿದ್ದಿರಿ. ನನ್ನ ಮನಸ್ಸು ನೋಯಬಾರದು ಎಂದು ಹಾಗೆ ಮಾಡಿದಿರಿ ಎಂದು ಒಪ್ಪುತ್ತೇನೆ, ಇದೊಂದು ಸಲ ಅನುಮಾನಿಸುವುದಿಲ್ಲ. ಆದರೆ ಅದು ಅಪೂರ್ಣವಾಗಿರಲಿಲ್ಲ. ನಮ್ಮ ಎರಡನೇ ವರ್ಷದ ಮೇಘಶ್ರೀ ಹೊಳೆನರಸೀಪುರ ತಾಲ್ಲೂಕಿನ ಒಂದು ಪಂಚಾಯ್ತಿ ಗ್ರಂಥಾಲಯದಲ್ಲಿ ತುಂಬಿಸಿಕೊಂಡು ಬಂದದ್ದು. ಅಲ್ಲಿಯ ಮೇಲ್ವಿಚಾರಕಿ ಭಾನುಪ್ರಿಯಾ. ‘ನಟರಾಜು ಸರ್ ಅವರಿಂದ ನೀವು ಕಲಿತದ್ದೇನು’ ಎಂಬ ಪ್ರಶ್ನೆಗೆ ಬರೆದಿರುವುದನ್ನು ಇದ್ದ ಹಾಗೆ ಓದುತ್ತೇನೆ. ‘ಒಬ್ಬರನ್ನು ಏನಾದರೂ ಕೇಳುವ ಮೊದಲು ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಬೇಕು ಅಂತ ಕಲಿತೆ. ಸರ್ ನೋಡಲಿಲ್ಲ.’ ಕೊನೆಯ ಕಾಲಮ್ಮಿನಲ್ಲಿ ಮೇಘಶ್ರೀ ಬರೆದಿದ್ದಾಳೆ, ಪಕ್ಕದಲ್ಲಿದ್ದವರು: ಯಾರೂ ಇಲ್ಲ. ನೂರ ಹನ್ನೆರಡರಲ್ಲಿ ನಾನು ನಂಬುವುದು ಇದೊಂದನ್ನೇ.

ಮೊನ್ನೆ ಅಲ್ಲಿಗೆ ಹೋದೆ. ಈ ಸಲ ಬಸ್ಸಿನಲ್ಲೇ ಹೋದೆ, ಯಾರ ಬೈಕನ್ನೂ ಹತ್ತಲಿಲ್ಲ. ಪತ್ರಿಕೆಗಳನ್ನು ಜೋಡಿಸುತ್ತಿದ್ದವಳು ಎದ್ದು ನಿಂತು ಕುರ್ಚಿ ಕೊಟ್ಟಳು. ತಪ್ಪಾಯಿತಮ್ಮ ಎಂದೆ. ವಿಶ್ವವಿದ್ಯಾನಿಲಯಕ್ಕೆ ಪತ್ರ ಬರೆಯುತ್ತೇನೆ ಎಂದೆ. ಅವಳು ಸುಮಾರು ಹೊತ್ತು ನನ್ನ ಹಿಂದಿನ ಬಾಗಿಲ ಕಡೆ ನೋಡಿದಳು, ಇನ್ನೂ ಯಾರಾದರೂ ಒಳಗೆ ಬರುತ್ತಾರೇನೋ ಎಂದು.

‘ಅವತ್ತು ಎಲ್ರ ಮುಂದೆ ಅಂದ್ರಿ ಸಾ’ ಅಂದಳು. ‘ಇವತ್ತು ಒಬ್ರೇ ಬಂದಿದೀರ.’

ಬೀಳ್ಕೊಡುಗೆಯಲ್ಲಿ ಎಲ್ಲರ ಮುಂದೆ ನಿನ್ನ ಹೆಸರು ಹಿಡಿದೇ ಹೇಳುತ್ತೇನೆ, ಒಪ್ಪಿಗೆಯೇ ಎಂದೆ, ಹೂಂ ಎಂದಳು; ನೀನೂ ಬಾ ಎಂದು ಕರೆದೆ. ಗ್ರಂಥಾಲಯ ಮುಚ್ಚಿ ಬರುವುದಕ್ಕೆ ಆಗುವುದಿಲ್ಲ ಎಂದಳು. ನಾನು ಹೇಳುತ್ತೇನೆ ಎಂಬ ನಂಬಿಕೆ ಅವಳಿಗಿಲ್ಲ ಎಂದು ಅವಳ ಮುಖದಲ್ಲೇ ಕಂಡಿತು. ಯಾಕಿರಬೇಕು?

ಸಭಿಕರೇ, ಇವತ್ತು ಸಂಜೆ ಐದೂವರೆಯವರೆಗೆ ನಾನು ಈ ಕಾಲೇಜಿನ ನೌಕರ. ನನ್ನ ಸಹಿಗೆ ಅಲ್ಲಿಯವರೆಗೆ ಬೆಲೆ ಇದೆ. ಬೆಳಿಗ್ಗೆ ಒಂದು ಪತ್ರ ಬರೆದಿದ್ದೇನೆ. ಭಾನುಪ್ರಿಯಾ ಅವರ ನಲವತ್ತು ಸಂದರ್ಶನಗಳು ನಿಜ, ನನ್ನ ಮರುಪರಿಶೀಲನೆ ಸುಳ್ಳು, ಹಾಗೆಂದು ಆರನೆಯ ದಿನವೇ ತಿಳಿದೂ ನಾನು ಸುಮ್ಮನಿದ್ದೆ, ಪ್ರಬಂಧವನ್ನು ಮತ್ತೆ ಮೌಲ್ಯಮಾಪನಕ್ಕೆ ಕಳಿಸಬೇಕು ಎಂದು ಅದರಲ್ಲಿದೆ. ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಮೊಹರು ಹಾಕಿಸಿಕೊಂಡಿದ್ದೇನೆ. ಪ್ರಾಂಶುಪಾಲರೇ, ನಿಮ್ಮ ಮೇಲೆ ಅನುಮಾನವಿಲ್ಲ, ಬೀರುಗಳ ಮೇಲಿದೆ. ಮೇಘಶ್ರೀ ಮೂಲೆಯಲ್ಲಿ ನಿಂತು ಈ ಮಾತುಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾಳೆ, ನಾನೇ ಹೇಳಿದ್ದೇನೆ. ಸಂಜೆಯ ಹೊತ್ತಿಗೆ ಅದು ಹೊಳೆನರಸೀಪುರಕ್ಕೆ ಹೋಗುತ್ತದೆ.

ಪತ್ರದ ಕೊನೆಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದೆ. ಈಗ ನಿಮ್ಮೆದುರು ತುಂಬುತ್ತಿದ್ದೇನೆ. ಪಕ್ಕದಲ್ಲಿದ್ದವರು: ತಾಯಿ ದೊಡ್ಡಮ್ಮ. ಅವ್ವ, ಇವತ್ತು ನನ್ನನ್ನು ಸಾ ಅನ್ನಬೇಡ. ಎರಡನೆಯವರು ಕೀರ್ತಿರಾಜ್, ಅವತ್ತು ನಕ್ಕವರಲ್ಲಿ ಒಬ್ಬರು. ಮತ್ತು ಈ ಸಭಾಂಗಣದಲ್ಲಿ ಕುಳಿತಿರುವ ಎಲ್ಲರೂ. ನಾಳೆ ಯಾರಾದರೂ ಬಂದು ನಿಮ್ಮನ್ನು ಕೇಳುತ್ತಾರೆ, ನಟರಾಜು ಹೀಗೆಂದನೇ ಎಂದು. ಅವರ ಪಕ್ಕದಲ್ಲಿ ಯಾರೇ ನಿಂತಿರಲಿ, ಹೌದು, ಅಂದ ಎಂದು ಹೇಳಿ.

ಶಾಲು ಹೊದಿಸಿದವರಿಗೆ, ಅಡುಗೆಯವರಿಗೆ, ಊಟ ತಡವಾದರೂ ಕೇಳಿಸಿಕೊಂಡ ನಿಮಗೆಲ್ಲ ನನ್ನ ಧನ್ಯವಾದ. ಪದವಿ ಇಲ್ಲದೆಯೂ ನನಗೆ ಪಾಠ ಮಾಡಿದ ಇಬ್ಬರು ಹೆಂಗಸರಿಗೆ, ಇಲ್ಲಿರುವವಳಿಗೂ ಇಲ್ಲಿಗೆ ಬಾರದವಳಿಗೂ, ನನ್ನ ನಮಸ್ಕಾರ.